ಟ್ರೇಲ್ ಸಂಘದ ಬೋರ್ಡಿಗೆ ಸೇರುವ ಮುನ್ನ

ಸಿಯಾಟಲ್ ಕಡೆ ಟ್ರೇಲ್ (ಗುಡ್ಡಗಾಡಿನ ಸೈಕಲ್ ದಾರಿ) ನೋಡಿಕೊಳ್ಳುವ ಮೌಂಟನ್ ಬೈಕ್ ಸಂಘದ ಬೋರ್ಡಿಗೆ ಕರೆದರೆ ಮೊದಲು ಬೈಲಾ ಓದಿ. ಕೋರಂ (ಮೀಟಿಂಗಿಗೆ ಕನಿಷ್ಠ ಬೇಕಾದ ಹಾಜರಿ) ಎಷ್ಟು, ಸದಸ್ಯರ ಅವಧಿ ಎಷ್ಟು ಅಂತ ಗೊತ್ತಿರಲಿ.

ನಾನು ಖಜಾಂಚಿ, ಹಾಗಾಗಿ ಲೆಕ್ಕದ ಮಾತೇ ಜಾಸ್ತಿ. ವರ್ಷದ ವರಮಾನ ಸಾಮಾನ್ಯವಾಗಿ 50,000 ಡಾಲರ್ ಮೀರದಿದ್ದರೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ 990-ಎನ್ ಎಂಬ ಚಿಕ್ಕ ವಾರ್ಷಿಕ ಫಾರ್ಮ್ ಸಾಕು. ಲೆಕ್ಕದ ವರ್ಷ ಡಿಸೆಂಬರಿಗೆ ಮುಗಿದರೆ ಮೇ 15ರೊಳಗೆ ಕಳಿಸಿ. ಸತತ 3 ವರ್ಷ ಮರೆತರೆ ತೆರಿಗೆ ವಿನಾಯಿತಿ ತಾನಾಗಿಯೇ ರದ್ದು! ಬ್ಯಾಂಕಿನಲ್ಲಿ ಇಬ್ಬರಿಗೆ ಸಹಿ ಅಧಿಕಾರ ಇರಲಿ. ಖಜಾಂಚಿಯೂ ರಜೆಗೆ ಊರಿಗೆ ಹೋಗಬೇಕಲ್ವಾ?

ಟ್ರೇಲ್ ಇರುವ ಜಮೀನು ನಮ್ಮದಲ್ಲ. ಕೌಂಟಿಯದೋ ಅರಣ್ಯ ಇಲಾಖೆಯದೋ, ಲಿಖಿತ ಒಪ್ಪಿಗೆ ಸಿಗುವವರೆಗೆ ಗುದ್ದಲಿ ಎತ್ತಬೇಡಿ. ಟ್ರೇಲಿನ ಏರು, ಗುಡ್ಡದ ಇಳಿಜಾರು ಎಷ್ಟು ಕಡಿದೋ ಅದರ ಅರ್ಧ ಮೀರಬಾರದು. ಮೀರಿದರೆ ಮಳೆನೀರು ಪಕ್ಕಕ್ಕೆ ಹರಿಯದೆ ದಾರಿಯನ್ನೇ ಹಿಡಿದು ಕೊರೆಯುತ್ತದೆ. ಮೀಟಿಂಗಿನಲ್ಲಿ ಸೈಕಲ್ ಹಾರಿಸೋಕೆ ಹೊಸ ಜಂಪ್ ಬೇಕು ಅಂತ ಸುಮ್ನೆ ಗಲಾಟೆ ಮಾಡುವವರಿಗೆ ಮುಂದಿನ ಶನಿವಾರದ ರಿಪೇರಿ ಕೆಲಸ ವಹಿಸಿ.