ಮೂರು ರೂಪಾಯಿ ಚಿಲ್ಲರೆ: ಒಂದು ಕಥೆಹಾಡು ಕಟ್ಟಿದ ಬಗೆ

ಕಥೆಹಾಡು ಬರೆಯಲು ಕೂತಾಗ ನಾನು ಮೊದಲು ಹುಡುಕುವುದು ಒಂದು ಮಾತನ್ನು, ಕಥೆ ಆಮೇಲೆ. ಆ ಮಾತು ಮೊದಲ ಸಲ ಕೇಳಿದಾಗ ನಗು ಬರಬೇಕು, ಕೊನೆಯ ಸಲ ಕೇಳಿದಾಗ ಗಂಟಲು ಕಟ್ಟಬೇಕು. ನಡುವೆ ಅದರ ಒಂದಕ್ಷರವೂ ಬದಲಾಗಬಾರದು. ನಗುವಿಗೊಂದು ಸಾಲು, ಅಳುವಿಗೊಂದು ಸಾಲು ಅಂತ ಬೇರೆ ಬೇರೆ ಬರೆದರೆ ಎರಡು ಅರ್ಧ ಹಾಡು ಸಿಗುತ್ತವೆ, ಒಂದು ಪೂರ್ತಿ ಹಾಡು ಸಿಗುವುದಿಲ್ಲ.

ಉದಾಹರಣೆಗೆ ನನ್ನದೊಂದು ಹಾಡನ್ನೇ ಬಿಚ್ಚಿಡುತ್ತೇನೆ. ಬಸ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟು, ಇಳಿಯುವಾಗ ಕೇಳಿ ಅನ್ನುತ್ತಾರಲ್ಲ, ಆ ಮಾತೇ ಪಲ್ಲವಿ:

ಇಳಿಯೊ ಹೊತ್ತಿಗೆ ಕೇಳಿ ಚಿಲ್ಲರೆ
ಹಿಂದೆ ಬರೆದಿದೆ ಮೂರು ರೂಪಾಯ್

ಮಾತ್ರೆ, ಅಂದರೆ ಅಕ್ಷರ ನುಡಿಯಲು ಹಿಡಿಯುವ ಕಾಲ, ಎಣಿಸಿ ನೋಡಿ. ಇಳಿಯೊ 3, ಹೊತ್ತಿಗೆ 4, ಕೇಳಿ 3, ಚಿಲ್ಲರೆ 4. ಎರಡನೇ ಸಾಲೂ ಹಾಗೇ. ಮೂರು-ನಾಲ್ಕರ ಈ ನಡೆ ಭಾಮಿನಿ ಷಟ್ಪದಿಯದು, ಗೋವಿನ ಹಾಡಿನದು. ಕನ್ನಡದ ಕಿವಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ಕಥೆ ಶುರುವಾಯಿತು ಎಂದು ಅದು ತಾನಾಗಿ ಗುರುತಿಸುತ್ತದೆ. ಮೊದಲ ಕರಡಿನಲ್ಲಿ ‘ಇಳಿವ’ ಎಂದಿತ್ತು. ಅದೂ ಮೂರೇ ಮಾತ್ರೆ, ಆದರೆ ಯಾವ ಕಂಡಕ್ಟರೂ ಹಾಗನ್ನುವುದಿಲ್ಲ. ಪಾತ್ರದ ಬಾಯಲ್ಲಿ ಪುಸ್ತಕದ ಮಾತು ಬಂದರೆ ನಗು ಅಲ್ಲೇ ಸತ್ತುಹೋಗುತ್ತದೆ. ಆಡುಮಾತಿನಲ್ಲಿ ಅಷ್ಟೇ ಮಾತ್ರೆಯ ರೂಪ ಹುಡುಕಿದರೆ ಹೆಚ್ಚಿನ ಸಲ ಸಿಗುತ್ತದೆ.

ಕಥೆಯನ್ನು ಮೊದಲು ಗದ್ಯದಲ್ಲಿ ಹನ್ನೆರಡು ವಾಕ್ಯ ಬರೆದು ಆರಕ್ಕೆ ಇಳಿಸುತ್ತೇನೆ. ಒಂದು ವಾಕ್ಯಕ್ಕೆ ಒಂದು ಚರಣ, ಚರಣಕ್ಕೆ ನಾಲ್ಕು ಸಾಲು. ಈ ಹಾಡಿನಲ್ಲಿ: ಅಜ್ಜಿ ಕೊಡೆ ಎತ್ತಿ ಬಸ್ಸು ನಿಲ್ಲಿಸುತ್ತಾಳೆ, ಟಿಕೆಟ್ಟನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ, ಇಳಿಯುವಾಗ ಅವಳೂ ಮರೆಯುತ್ತಾಳೆ, ಕಂಡಕ್ಟರೂ ಮರೆಯುತ್ತಾನೆ, ಸಂತೆಯಿಂದ ಸಂತೆಗೆ ಬೆಳೆದ ಟಿಕೆಟ್ಟುಗಳನ್ನು ಅಂಗಡಿ ಬಿಲ್ಲಿನ ಹಾಗೆ ತಂತಿಗೆ ಚುಚ್ಚಿ ತಂದು ತೋರಿಸುತ್ತಾಳೆ, ಅವನು ಚಿಲ್ಲರೆ ಕೂಡಿಸಿ ಬ್ಯಾಗಿನಲ್ಲಿ ಬೇರೆ ಇಟ್ಟುಕೊಳ್ಳುತ್ತಾನೆ, ಮುಂದಿನ ಸಂತೆಯ ದಿನ ಕೊಡೆ ಇಲ್ಲ. ‘ಸತ್ತಳು’ ಎಂಬ ಮಾತು ಹಾಡಿನಲ್ಲಿ ಎಲ್ಲೂ ಬರುವುದಿಲ್ಲ. ಕೊನೆಯ ಚರಣದಲ್ಲಿ ಇರುವುದು ಇಷ್ಟೇ:

ಬಸ್ಸು ನಿಂತಿತು ಕೊಡೆಯೆ ಇಲ್ಲದೆ

ರೂಢಿಯ ಬಲದಿಂದ ಬಸ್ಸು ನಿಂತಿದೆ, ಎತ್ತುವವರಿಲ್ಲ. ಮೊದಲ ಚರಣದಲ್ಲಿ ಆ ಕೊಡೆಯನ್ನು ಚೆನ್ನಾಗಿ ನಗಿಸಿಟ್ಟಿರಬೇಕು: ಅದರ ಮುರಿದ ಕಡ್ಡಿ, ಡ್ರೈವರ್ ಕನ್ನಡಿಯಲ್ಲಿ ಅದನ್ನು ನೋಡಿ ಬ್ರೇಕ್ ಹಾಕುವ ರೀತಿ. ನಗಿಸಿದ ವಸ್ತು ಇಲ್ಲವಾದಾಗಲೇ ಸಂಕಟ ಮೈಗೆ ತಾಗುತ್ತದೆ. ಐದನೇ ಚರಣದಲ್ಲಿ ಅಜ್ಜಿಯ ಕೆಮ್ಮು ತಂದಿರೋ, ಕೇಳುವವರಿಗೆ ಗುಟ್ಟು ಬಿಟ್ಟುಕೊಟ್ಟ ಹಾಗೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಎರಡು ತೊಂದರೆ. ಒಂದು, ಪ್ರಾಸ ಅಗ್ಗವಾಗುತ್ತದೆ. ಬಂದನು, ತಂದನು, ನಿಂದನು ಎಂದು ನಾಲ್ಕು ಸಾಲು ಮುಗಿಸುವುದು ಸುಲಭ, ಕೇಳಲು ಬೇಸರ. ಎರಡು, ನಗೆಯ ಪದ ಸಾಲಿನ ಆರಂಭದಲ್ಲೇ ಖರ್ಚಾಗಿಬಿಡುತ್ತದೆ. ‘ಬರಿಯ ಚೀಟಿಯ ಅಜ್ಜಿ ಸೆರಗಲಿ ಕಟ್ಟಿಕೊಂಡಳು’ ಎಂದರೆ ಮೊದಲ ಎರಡು ಪದಕ್ಕೇ ಎಲ್ಲ ಗೊತ್ತಾಯಿತು. ಕ್ರಿಯೆಯನ್ನು ಮುಂದಕ್ಕೆ ತಂದು ನಾಮಪದವನ್ನು ತುದಿಗೆ ತಳ್ಳಬೇಕು:

ಅಜ್ಜಿ ಸೆರಗಲಿ ಕಟ್ಟಿಕೊಂಡಳು
ಕಾಸನಲ್ಲವೊ, ಬರಿಯ ಚೀಟಿಯ

ಹಾಡಿನಲ್ಲಿ ಈ ಪದಕ್ರಮ ಸಲ್ಲುತ್ತದೆ. ತುದಿಪ್ರಾಸ ಸಿಗದಿದ್ದರೆ ಬಿಡಿ, ಎರಡನೇ ಅಕ್ಷರದ ಪ್ರಾಸ ಅಲ್ಲೊಂದು ಇಲ್ಲೊಂದು ಬಂದರೂ ಕಿವಿಗೆ ಸಾಕು. ಹೆಸರಿಡುವಾಗಲೂ ಎಣಿಸಿ. ‘ಗಂಗಮ್ಮ’ ಐದು ಮಾತ್ರೆ, ಮೂರು-ನಾಲ್ಕರ ನಡೆಯಲ್ಲಿ ಒಂದೇ ಗಣದೊಳಗೆ, ಅಂದರೆ ಮಾತ್ರೆಗಳ ಒಂದೇ ಗುಂಪಿನೊಳಗೆ, ಹಿಡಿಯುವುದಿಲ್ಲ. ‘ಅಜ್ಜಿ’ ಮೂರು, ಮೂರರ ಗಣದಲ್ಲಿ ಸಲೀಸಾಗಿ ಕೂರುತ್ತದೆ. ಅವಳಿಗೆ ಹೆಸರಿಲ್ಲದಿರಲು ಇದೂ ಒಂದು ಕಾರಣ.

ರಾಗ ಹಾಕುವಾಗ ಹಾಳಾಗುವುದು ಹ್ರಸ್ವ-ದೀರ್ಘ. ಸ್ವರ ಎಳೆಯುವ ಆಸೆಗೆ ‘ಬಳೆ’ಯನ್ನು ಎಳೆದರೆ ‘ಬಾಳೆ’, ‘ಹಳೆ’ಯನ್ನು ಎಳೆದರೆ ‘ಹಾಳೆ’. ದುಃಖದ ಚರಣದಲ್ಲಿ ಅಜ್ಜಿಯ ಕೈಯ ಬಳೆ ಬಾಳೆಯಾದರೆ ಸಭೆ ನಗುತ್ತದೆ, ಹಾಡು ಮತ್ತೆ ಮೇಲೇಳುವುದಿಲ್ಲ. ತಾಳದ ಪೆಟ್ಟನ್ನು ‘ಕತೆ’ಯ ಎರಡನೇ ಅಕ್ಷರದ ಮೇಲೆ ಒತ್ತಿ ಹೊಡೆದರೆ ಅದು ‘ಕತ್ತೆ’. ಉದ್ದ ಎಳೆಯಬೇಕಾದ ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಂಡು, ಅಲ್ಲಿ ದೀರ್ಘಾಕ್ಷರವೇ ಬೀಳುವಂತೆ ಪದ ಬದಲಿಸಿಕೊಳ್ಳುತ್ತೇನೆ. ಪಲ್ಲವಿ ‘ರೂಪಾಯ್’ ಎಂದು ಮುಗಿಯುವುದು ಅದಕ್ಕೇ: ‘ಪಾ’ ಎಷ್ಟು ಎಳೆದರೂ ಅರ್ಥ ಕೆಡುವುದಿಲ್ಲ.

ಗಿಟಾರಿನಲ್ಲಿ ಇದನ್ನು ನಾಲ್ಕರ ತಾಳಕ್ಕೆ ಹಿಗ್ಗಿಸಬೇಡಿ. ಪ್ರತಿ ಮೂರರ ಗಣಕ್ಕೂ ಒಂದು ಮಾತ್ರೆ ಸುಮ್ಮನೆ ಸೇರಿಕೊಂಡು ಮಾತು ಜೋತುಬೀಳುತ್ತದೆ. ಏಳು ಮಾತ್ರೆಯ ಮಿಶ್ರಛಾಪು ತಾಳ ಇರಲಿ: ತಕಿಟ ತಕಧಿಮಿ. 1 ಮತ್ತು 4ನೇ ಎಣಿಕೆಯಲ್ಲಿ ಹೆಬ್ಬೆರಳಿನಿಂದ ದಪ್ಪ ತಂತಿ, ಉಳಿದದ್ದು ಬೆರಳ ತುದಿಯಲ್ಲಿ ಹಗುರಾಗಿ. ನಿಮಿಷಕ್ಕೆ 240 ಮಾತ್ರೆಯಾದರೆ ಒಂದು ಆವರ್ತ (ತಾಳದ ಒಂದು ಸುತ್ತು) 1.75 ಸೆಕೆಂಡು, ಒಂದು ಸಾಲು 3.5, ಒಂದು ಚರಣ 14. ಪಲ್ಲವಿಯನ್ನು ಎರಡು ಸಲ ಹಾಡಿದರೆ ಅದೂ 14. ಕೊನೆಯ ಪಲ್ಲವಿ ಮಾತ್ರ ಒಂದೇ ಸಲವಾದ್ದರಿಂದ ಆರು ಚರಣ, ಆರು ಪಲ್ಲವಿಗೆ 2 ನಿಮಿಷ 41 ಸೆಕೆಂಡು. ಆರಂಭದ ಮೀಟು, ನಡುವಿನ ಬಿಡುವು ಸೇರಿ ಸುಮಾರು ಮೂರೂವರೆ ನಿಮಿಷ. ಏಳನೇ ಚರಣ ಬರೆಯುವ ಆಸೆ ಬರುತ್ತದೆ, ಬೇಡ.

ಬಿಡುವನ್ನೂ ಲೆಕ್ಕ ಹಾಕಿಯೇ ಇಡಬೇಕು. ನಗೆಯ ಸಾಲಾದ ಮೇಲೆ ಎರಡು ಆವರ್ತ ಬರೀ ಮೀಟು. ನಗು ಬರದಿದ್ದರೆ ಒಂದೇ ಆವರ್ತಕ್ಕೆ ಮುಂದೆ ಹೋಗಿ, ಕಾಯುತ್ತಿದ್ದೀರಿ ಅಂತ ಕಾಣಿಸಬಾರದು. ನಗುವಿನ ಬೆನ್ನಿಗೇ ಬರುವ ಸಾಲಿನಲ್ಲಿ ಕಥೆಯ ಮುಖ್ಯ ಸಂಗತಿ ಇಡಬೇಡಿ, ಅರ್ಧ ಜನಕ್ಕೆ ಅದು ಕೇಳಿಸಿರುವುದಿಲ್ಲ. ಗೀಗೀ ಪದದ ಮೇಳದಲ್ಲಿ ಹಿಮ್ಮೇಳದವರು ‘ಗೀಯ ಗಾಗೀಯ’ ಎಂದು ಎತ್ತಿಕೊಂಡಾಗ ಮುಖ್ಯ ಹಾಡುಗಾರನಿಗೆ ಉಸಿರು ಸಿಗುತ್ತದೆ, ಕೇಳುವವರಿಗೂ ಕಥೆ ಇಳಿಯಲು ಸಮಯ ಸಿಗುತ್ತದೆ. ಒಬ್ಬರೇ ಹಾಡುವಾಗ ಆ ಕೆಲಸವನ್ನು ಗಿಟಾರೇ ಮಾಡಬೇಕು.

ಚರಣಗಳನ್ನು ಸ-ಪ ಸ್ವರಗಳ ಒಳಗೇ ಇಡಿ, ಮಾತಾಡುವ ಶ್ರುತಿಯ ಹತ್ತಿರ. ಪಲ್ಲವಿ ದ ಮುಟ್ಟಿದರೆ ಸಾಕು. ನಾನು ಗಿಟಾರಿನ ಕಾರ್ಡುಗಳನ್ನು ಜಿ ಆಕಾರದಲ್ಲಿ ಹಿಡಿದು, ಗಂಟಲಿಗೆ ತಕ್ಕಂತೆ ಕೇಪೋ (ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ಸರಿಸುತ್ತೇನೆ. 5ನೇ ಫ್ರೆಟ್ ದಾಟಿದರೆ ನಾದ ತೆಳುವಾಗುತ್ತದೆ, ಆಗ ಸಿ ಆಕಾರ ವಾಸಿ. ಪಲ್ಲವಿಗೆ ಆವರ್ತಕ್ಕೊಂದರಂತೆ ಜಿ, ಸಿ, ಡಿ, ಜಿ. ಇ ಮೈನರನ್ನು ಹಾಡಿಡೀ ಮುಟ್ಟುವುದಿಲ್ಲ. ಕೊನೆಯ ಪಲ್ಲವಿಯಲ್ಲಿ ಮಾತ್ರ ಮೊದಲ ಜಿ ಜಾಗಕ್ಕೆ ಅದು ಬರುತ್ತದೆ. ಅಲ್ಲಿ ರಾಗ ನಿಲ್ಲುವುದು ಸ ಮತ್ತು ಗ ಮೇಲೆ. ಎರಡೂ ಸ್ವರ ಇ ಮೈನರಿನಲ್ಲೂ ಇರುವುದರಿಂದ ಹಾಡುವ ದನಿ ಇದ್ದಲ್ಲೇ ಇರುತ್ತದೆ, ಅದರ ಕೆಳಗಿನ ನೆಲ ಮಾತ್ರ ಸರಿಯುತ್ತದೆ. ಸಿ ಆಕಾರದಲ್ಲಾದರೆ ಎ ಮೈನರ್.

ಕೊನೆಯ ಚರಣದಲ್ಲಿ ಎಲ್ಲರೂ ಮಾಡುವ ತಪ್ಪು ವೇಗ ಇಳಿಸುವುದು. ನಿಧಾನ ಮಾಡಿದ ಕೂಡಲೇ ‘ಈಗ ಅಳಿ’ ಎಂದು ಹೇಳಿದಂತಾಗುತ್ತದೆ. 240 ಹಾಗೇ ಇರಲಿ, ಬೆರಳ ಮೀಟು ನಿಲ್ಲಿಸಿ ಹೆಬ್ಬೆರಳೊಂದನ್ನೇ ಉಳಿಸಿಕೊಳ್ಳಿ. ಕೊನೆಯ ಪಲ್ಲವಿ ಒಂದೇ ಸಲ. ಹೇಳುತ್ತಿರುವವನು ಅದೇ ಕಂಡಕ್ಟರ್, ಎದುರಿಗಿರುವುದು ಖಾಲಿ ಸ್ಟಾಪು. ಆದ್ದರಿಂದ ದನಿ ಏರಬಾರದು, ರೂಢಿಯ ದನಿಯಲ್ಲೇ ಇರಬೇಕು.

ಹಾಡಿಗೆ ಮುನ್ನ ಪೀಠಿಕೆ ಬೇಡ. ಹೊರದೇಶದ ಕನ್ನಡ ಸಂಘಗಳಲ್ಲಿ ಹಾಡುವುದಾದರೆ ಮಾತ್ರ, ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವ ರೂಢಿಯನ್ನು ಒಂದು ವಾಕ್ಯದಲ್ಲಿ ಹೇಳಿ. ಅಲ್ಲಿ ಬೆಳೆದ ಮಕ್ಕಳು ಅದನ್ನು ಕಂಡಿರುವುದಿಲ್ಲ. ಅಷ್ಟು ಹೇಳಿ ಮೀಟಲು ಶುರುಮಾಡಿ.