ಗ್ಯಾಲಕ್ಸಿ ಸಂಶೋಧನೆಗೆ ಇಳಿಯುವ ಮುನ್ನ ಒಂದು ಗೆರೆ ಅಳೆಯಿರಿ

ಹೋದ ತಿಂಗಳು ತಿಪಟೂರಿನ ಬಿ.ಎಸ್‌ಸಿ. ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಗ್ಯಾಲಕ್ಸಿಗಳ ಮೇಲೆ ಸಂಶೋಧನೆ ಮಾಡಬೇಕು, ಯಾವ ಪುಸ್ತಕದಿಂದ ಶುರು ಮಾಡಲಿ?" ಪುಸ್ತಕ ಆಮೇಲೆ ಓದಮ್ಮ, ಮೊದಲು ಒಂದು ಗ್ಯಾಲಕ್ಸಿಯ ದೂರವನ್ನು ನೀನೇ ಅಳೆ ಅಂದೆ. ಹದಿನೆಂಟು ವರ್ಷದಿಂದ ನಾನು ಮಾಡುತ್ತಿರುವ ಕೆಲಸದ ಬುಡ ಅದೇ.

ಇದಕ್ಕೆ ದೂರದರ್ಶಕ ಬೇಡ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ 2.5 ಮೀಟರ್ ದೂರದರ್ಶಕದಿಂದ ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ತಂಡ ಸಂಗ್ರಹಿಸಿದ ಲಕ್ಷಾಂತರ ರೋಹಿತಗಳು (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ನಕ್ಷೆಗಳು) ಸ್ಕೈಸರ್ವರ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನೀಲಿ ಛಾಯೆಯ ಸುರುಳಿ ಗ್ಯಾಲಕ್ಸಿಯೊಂದನ್ನು ಆರಿಸಿಕೊಳ್ಳಿ. ನೀಲಿ ಇದ್ದರೆ ಅಲ್ಲಿ ಹೊಸ ನಕ್ಷತ್ರ ಹುಟ್ಟುತ್ತಿವೆ ಎಂದರ್ಥ, ರೋಹಿತದಲ್ಲಿ ಗೆರೆಗಳು, ಅಂದರೆ ಒಂದೊಂದು ಮೂಲವಸ್ತು ಸೂಸುವ ಬೆಳಕಿನ ಮೊನೆಗಳು, ಎದ್ದು ಕಾಣುತ್ತವೆ. ರೋಹಿತದ ಕೆಂಪು ಭಾಗದಲ್ಲಿ ಎತ್ತರದ ಗೆರೆಯೊಂದರ ಎಡಬಲಕ್ಕೆ ಎರಡು ಗಿಡ್ಡ ಗೆರೆ ಹುಡುಕಿ. ಬಲಗಡೆಯದು ಎಡಗಡೆಯದರ ಸುಮಾರು ಮೂರು ಪಟ್ಟು ಇರುತ್ತದೆ. ನಡುವಿನದು ಜಲಜನಕದ ಎಚ್-ಆಲ್ಫಾ, ಪಕ್ಕದವು ಸಾರಜನಕ. ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಗ್ಯಾಲಕ್ಸಿಯ ಗೆರೆಗಳು ಕೆಂಪಿನ ಕಡೆಗೆ ಸರಿದಿರುತ್ತವೆ. ಎಷ್ಟು ಸರಿದಿವೆ ಎಂಬ ಈ ರೆಡ್‌ಶಿಫ್ಟ್ ಬೆಲೆಯನ್ನು ತಾಣದವರು ಚಿತ್ರದ ಮೇಲೆಯೇ ಬರೆದಿರುತ್ತಾರೆ. ಅದನ್ನು ಚೀಟಿ ಅಂಟಿಸಿ ಮುಚ್ಚಿಬಿಡಿ.

ಎಚ್-ಆಲ್ಫಾ ನಿಮಗೆ 6893 ಆಂಗ್‌ಸ್ಟ್ರಾಮ್‌ನಲ್ಲಿ (ಬೆಳಕಿನ ತರಂಗಾಂತರ ಅಳೆಯುವ ಮಾನ) ಸಿಕ್ಕಿತು ಅನ್ನಿ. ಅದರ ಮೂಲ ಜಾಗ 6564.6. ಭಾಗಿಸಿ ಒಂದು ಕಳೆದರೆ 0.05. ಇದನ್ನು ಬೆಳಕಿನ ವೇಗದಿಂದ ಗುಣಿಸಿದರೆ ಗ್ಯಾಲಕ್ಸಿ ನಮ್ಮಿಂದ ದೂರ ಸರಿಯುವ ವೇಗ, ಸೆಕೆಂಡಿಗೆ 15,000 ಕಿ.ಮೀ. ದೂರ ಹೆಚ್ಚಿದಂತೆ ಈ ವೇಗ ಎಷ್ಟು ಹೆಚ್ಚುತ್ತದೆ ಎಂದು ಹೇಳುವ ಹಬಲ್ ಸ್ಥಿರಾಂಕವನ್ನು 70 ಎಂದಿಟ್ಟುಕೊಂಡು ಭಾಗಿಸಿದರೆ 214 ಮೆಗಾಪಾರ್ಸೆಕ್, ಅಂದರೆ ಹತ್ತಿರಹತ್ತಿರ 70 ಕೋಟಿ ಜ್ಯೋತಿರ್ವರ್ಷ. ಇಷ್ಟು ಹತ್ತಿರದ ಗ್ಯಾಲಕ್ಸಿಗೆ ಈ ಸರಳ ಲೆಕ್ಕ ಸಾಕು. ಮೊದಲ ಸಲ ಈ ಸಂಖ್ಯೆ ಬಂದಾಗ ನಾನು ಹಾಸ್ಟೆಲ್ ಮಹಡಿಗೆ ಹೋಗಿ ಸುಮ್ಮನೆ ಕೂತಿದ್ದೆ.

ಆದರೆ ಆಗ ನನ್ನ ಉತ್ತರಗಳು ತಾಣದವರ ಬೆಲೆಗಿಂತ ಪ್ರತಿ ಸಲವೂ ಸೆಕೆಂಡಿಗೆ 80 ಕಿ.ಮೀ.ನಷ್ಟು ಹೆಚ್ಚು ಬರುತ್ತಿದ್ದವು. ಮೂರು ವಾರ ಹುಡುಕಿದೆ. ಕೊನೆಗೆ ನೋಡಿದರೆ, ಪಠ್ಯಪುಸ್ತಕದಿಂದ ಎತ್ತಿಕೊಂಡ 6562.8 ಎನ್ನುವುದು ಗಾಳಿಯಲ್ಲಿನ ತರಂಗಾಂತರ. ಸ್ಲೋನ್ ದತ್ತಾಂಶ ಇರುವುದು ನಿರ್ವಾತದ ಲೆಕ್ಕದಲ್ಲಿ. 1.8 ಆಂಗ್‌ಸ್ಟ್ರಾಮ್ ವ್ಯತ್ಯಾಸ ಅಷ್ಟೇ! ಆ ಮೂರು ವಾರ ಕಲಿಸಿದ್ದನ್ನು ಯಾವ ಕೋರ್ಸೂ ಕಲಿಸಲಿಲ್ಲ. ನಿಮ್ಮ ತಪ್ಪುಗಳಿಗೆ ಒಂದು ನೋಟ್‌ಬುಕ್ ಇಡಿ. ಎಲ್ಲಿ ತಪ್ಪಿತು, ಹೇಗೆ ಸಿಕ್ಕಿತು ಎಂದು ತಾರೀಖು ಸಮೇತ ಬರೆಯಿರಿ.

ವಿಶ್ವವಿಜ್ಞಾನದ ದೊಡ್ಡ ಪ್ರಶ್ನೆಗಳಲ್ಲೂ ತಪ್ಪು ಹುಡುಕುವ ಇದೇ ಕೆಲಸ. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಜಲಜನಕದ ರೇಡಿಯೊ ಸಂಕೇತ ಸಿಕ್ಕಿದೆ ಎಂದು 2018ರಲ್ಲಿ ಅಮೆರಿಕದ ಎಡ್ಜಸ್ ತಂಡ ಹೇಳಿತು. ನಮ್ಮ ರಾಮನ್ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಲು ಸರಸ್-3 ಆಂಟೆನಾವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯ ಮೇಲೆ, ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟರು. ಆಂಟೆನಾದ ಕೆಳಗೆ ಏನಿದೆ ಎಂಬುದು ಅಳತೆಯನ್ನು ಕೆಡಿಸಬಲ್ಲದು. ನೆಲದಲ್ಲಿ ಮಣ್ಣು, ಬಂಡೆಗಳ ಪದರ ಒಂದೊಂದು ಕಡೆ ಒಂದೊಂದು ಥರ. ನೀರಾದರೆ ಆಂಟೆನಾದ ಕೆಳಗೆ ಎಲ್ಲ ಕಡೆ ಒಂದೇ. 2022ರಲ್ಲಿ ಅವರ ಫಲಿತಾಂಶ ಬಂತು: ಎಡ್ಜಸ್ ಹೇಳಿದಂಥ ಸಂಕೇತ ಕಾಣಲಿಲ್ಲ.

ಇನ್ನು ದಾರಿ. ಬೆಂಗಳೂರಿನ ಹತ್ತಿರ ಓದುತ್ತಿದ್ದರೆ ನೆಹರು ತಾರಾಲಯದವರು ಕಾಲೇಜು ವಿದ್ಯಾರ್ಥಿಗಳಿಗೆ ನಡೆಸುವ ರೀಪ್ ತರಗತಿಗಳನ್ನು ವಿಚಾರಿಸಿ. ಎಂ.ಎಸ್‌ಸಿ. ಹೊತ್ತಿಗೆ ಪಿಎಚ್.ಡಿ. ಪ್ರವೇಶದ ಜೆಸ್ಟ್ ಪರೀಕ್ಷೆ ಬರೆಯಿರಿ. ಅಲ್ಲಿ ಕೇಳುವುದು ಕ್ವಾಂಟಂ, ವಿದ್ಯುತ್ಕಾಂತತೆ, ಉಷ್ಣಬಲವಿಜ್ಞಾನದಂಥ ಭೌತಶಾಸ್ತ್ರವನ್ನೇ ಹೊರತು ಗ್ಯಾಲಕ್ಸಿಯನ್ನಲ್ಲ. ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಅಯುಕಾದ ಪ್ರವೇಶ ಪ್ರಕಟಣೆಯನ್ನು ಬೇರೆಯಾಗಿ ನೋಡಿಕೊಳ್ಳಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಈಗಲೇ ಕಲಿಯಿರಿ.

ಗೈಡ್ ಆರಿಸುವಾಗ ಅವರ ಹೆಸರಿಗಿಂತ ಅವರ ವಿದ್ಯಾರ್ಥಿಗಳ ಮಾತಿಗೆ ಬೆಲೆ ಕೊಡಿ. ಆ ವಿದ್ಯಾರ್ಥಿಗಳೊಂದಿಗೆ ಕ್ಯಾಂಟೀನಿನಲ್ಲಿ ಚಹಾ ಕುಡಿಯಿರಿ. ಲೆಕ್ಕ ತಪ್ಪಿದೆ ಎಂದು ಗೈಡ್ ಹತ್ತಿರ ಹೇಳಿಕೊಳ್ಳಲು ಧೈರ್ಯ ಬರುತ್ತದಾ ಅಂತ ಕೇಳಿ. ಹಿಂದೆಮುಂದೆ ನೋಡಿದರೆ ಆ ಗುಂಪು ಬೇಡ.

ಪಿಎಚ್.ಡಿ. ಆದ ಮೇಲೆ ಪೋಸ್ಟ್‌ಡಾಕ್ (ತಾತ್ಕಾಲಿಕ ಸಂಶೋಧನಾ ಹುದ್ದೆ) ಅಂತ ಎರಡು ಮೂರು ವರ್ಷಕ್ಕೊಮ್ಮೆ ಊರು, ಕೆಲವೊಮ್ಮೆ ದೇಶ ಬದಲಿಸಬೇಕಾಗುತ್ತದೆ. ನಾನು ಆರು ವರ್ಷ ಹೊರಗಿದ್ದೆ. ಈ ಮಾತನ್ನು ಮನೆಯಲ್ಲಿ ಪಿಎಚ್.ಡಿ. ಸೇರುವ ಮುಂಚೆಯೇ ಆಡಿ. ನಾನು ಟಿಕೆಟ್ ಬಂದ ಮೇಲೆ ಹೇಳಿದೆ. ಅಮ್ಮ ಎರಡು ದಿನ ಮಾತಾಡಲಿಲ್ಲ.