ಸ್ವೀಡನ್ನಿನ ಹಳೆಯ ಬೆಳ್ಳಿ ನಾಣ್ಯ: ನಾನು ಪರೀಕ್ಷಿಸುವ ಕ್ರಮ

17ನೇ ಶತಮಾನದ ಸ್ವೀಡಿಷ್ ಬೆಳ್ಳಿ ನಾಣ್ಯ ಕೈಗೆ ಬಂದರೆ, ಅದು ಆಗಿನ ದೊಡ್ಡ ನಾಣ್ಯವಾದ ರಿಕ್ಸ್‌ಡಾಲರೋ ಚಿಕ್ಕದಾದ ಮಾರ್ಕೋ ಎಂದು ಮೊದಲು ಖಚಿತ ಮಾಡಿಕೊಳ್ಳುತ್ತೇನೆ. ಎರಡರ ಬೆಳ್ಳಿ ಒಂದೇ ಅಲ್ಲ. ರಾಣಿ ಕ್ರಿಸ್ಟೀನಾಳ ರಿಕ್ಸ್‌ಡಾಲರ್ ಸುಮಾರು 29 ಗ್ರಾಂ, ಶೇ. 87.8 ಬೆಳ್ಳಿ. ರಾಜ ಹನ್ನೊಂದನೇ ಕಾರ್ಲ್‌ನ ಒಂದು ಮಾರ್ಕ್ ಸುಮಾರು 5.2 ಗ್ರಾಂ, ಬೆಳ್ಳಿ ಶೇ. 69.4 ಮಾತ್ರ, ಉಳಿದದ್ದು ತಾಮ್ರ. ತಾಮ್ರ ಬೆಳ್ಳಿಗಿಂತ ಹಗುರ. ಹಾಗಾಗಿ ಸಾಂದ್ರತೆ (ಒಂದು ಘನ ಸೆಂ.ಮೀ.ಗೆ ಎಷ್ಟು ಗ್ರಾಂ ಎಂಬುದು) ರಿಕ್ಸ್‌ಡಾಲರಿಗೆ 10.28ರ ಹತ್ತಿರ, ಮಾರ್ಕಿಗೆ 9.97ರ ಹತ್ತಿರ ಬರಬೇಕು. ಹತ್ತಕ್ಕಿಂತ ಕಡಿಮೆ ಬಂತೆಂದು ಅಸಲಿ ಮಾರ್ಕನ್ನು ಖೋಟಾ ಎನ್ನುವವರಿದ್ದಾರೆ. ಅದು ಆ ನಾಣ್ಯಕ್ಕೆ ಮಾಡುವ ಅನ್ಯಾಯ.

ಅಳೆಯುವುದು ಸುಲಭ. ಒಣ ನಾಣ್ಯ ತೂಗಿ ಬರೆದಿಟ್ಟುಕೊಳ್ಳಿ. ಡಿಸ್ಟಿಲ್ಡ್ ವಾಟರ್ ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ತೆಳು ನೈಲಾನ್ ದಾರದಲ್ಲಿ ನಾಣ್ಯವನ್ನು ಪೂರ್ತಿ ಮುಳುಗಿಸಿ, ತಳಕ್ಕೂ ಬದಿಗೂ ತಾಗದಂತೆ ಹಿಡಿಯಿರಿ. ಈಗ ಕಾಣುವ ಅಂಕಿ ನಾಣ್ಯ ಸರಿಸಿದ ನೀರಿನ ತೂಕ; ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. 28.80 ಗ್ರಾಂನ ರಿಕ್ಸ್‌ಡಾಲರಿಗೆ ಆ ಅಂಕಿ 2.80 ಇರಬೇಕು. ಅಕ್ಷರಗಳ ಸಂದಿಯಲ್ಲಿ ಗುಳ್ಳೆ ಸಿಕ್ಕಿ 2.85 ಆದರೆ ಉತ್ತರ 10.11ಕ್ಕೆ ಇಳಿಯುತ್ತದೆ, ನೀರಿಗೆ ಒಂದು ಹನಿ ಸೋಪು ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ. ಮಾರ್ಕಿನಲ್ಲಿ 0.02 ಗ್ರಾಂ ತಪ್ಪಿದರೂ 9.97 ಇದ್ದದ್ದು 9.60 ಆಗುತ್ತದೆ. ಅದಕ್ಕೆ 0.001 ಗ್ರಾಂ ತೋರಿಸುವ ತಕ್ಕಡಿಯೇ ಬೇಕು.

ಲೆಕ್ಕ ಸರಿಯಿದ್ದೂ ಅನುಮಾನ ಉಳಿದರೆ ಅಂಚು ನೋಡಿ. ಹಿಂದೆ ಕೊರಳಿಗೆ ಕಟ್ಟಿಕೊಳ್ಳಲು ಕೊಂಡಿ ಬೆಸೆದ ನಾಣ್ಯಗಳು ಬೇಕಾದಷ್ಟಿವೆ. ಸಾಮಾನ್ಯವಾಗಿ ತಲೆಯ ಮೇಲ್ಭಾಗದಲ್ಲಿ, 12 ಗಂಟೆಯ ಜಾಗದಲ್ಲಿ, ಬೆಸುಗೆಯ ಕಲೆಯೋ ಅರದಿಂದ ಉಜ್ಜಿದ ಗುರುತೋ ಇರುತ್ತದೆ. ಅಂಚಿನ ಸುತ್ತ ಒಂದೇ ಗೆರೆ ಹರಿದಿದ್ದರೆ ಎರಕದ ನಕಲು.

ಆಮೇಲೆ ಚಿತ್ರ. ಕ್ರಿಸ್ಟೀನಾ ಪೂರ್ತಿ ಪಕ್ಕಕ್ಕೆ ತಿರುಗಿಲ್ಲ, ಮುಕ್ಕಾಲು ಮುಖ ನಮ್ಮ ಕಡೆಗಿದೆ. ಹಾಗಾಗಿ ಮೂಗೇ ಎತ್ತರದ ಬಿಂದು, ಮೊದಲು ಸವೆಯುವುದೂ ಅದೇ. ಮೂಗು ಸವೆದು ಮೊಂಡಾಗಿದ್ದು ಗುಂಗುರು ಕೂದಲಿನ ಎಳೆ ಸ್ಪಷ್ಟವಿದ್ದರೆ ಸಹಜ; ಎರಡೂ ಒಂದೇ ಸಮ ಮಸುಕಾಗಿದ್ದರೆ ಎರಕವೆಂದು ಶಂಕಿಸುತ್ತೇನೆ. ಹಿಂಭಾಗದಲ್ಲಿ ಶಿಲುಬೆಯ ಗೋಲ ಹಿಡಿದು ಆಶೀರ್ವದಿಸುವ ಕ್ರಿಸ್ತ, ಸುತ್ತ ‘ಸಾಲ್ವಾಟೋರ್ ಮುಂಡಿ ಸಾಲ್ವಾ ನೋಸ್’, ಅಂದರೆ ‘ಲೋಕರಕ್ಷಕನೇ, ನಮ್ಮನ್ನು ಕಾಪಾಡು’. ಕ್ರಿಸ್ತನ ಈ ರೂಪ 16ನೇ ಶತಮಾನದ ರಾಜ ಗುಸ್ತಾವ್ ವಾಸಾನ ಕಾಲದಿಂದಲೇ ಸ್ವೀಡನ್ನಿನ ಡಾಲರ್ ನಾಣ್ಯಗಳ ಮೇಲಿತ್ತು. ಕ್ರಿಸ್ಟೀನಾಳ ಪಟ್ಟಾಭಿಷೇಕ ನಡೆದದ್ದು 1650ರಲ್ಲಿ. ಅದಕ್ಕೂ ಹಿಂದಿನ ನಾಣ್ಯಗಳಲ್ಲಿ ‘ನಿಯೋಜಿತ ರಾಣಿ’ ಎಂಬರ್ಥದ ಸಂಕ್ಷೇಪ ಇರುವುದನ್ನು ಇಸವಿಯ ಜೊತೆ ತಾಳೆ ನೋಡುತ್ತೇನೆ.

ದಯವಿಟ್ಟು ವಿಭೂತಿ, ಹುಣಸೆಹಣ್ಣು ಹಾಕಿ ಉಜ್ಜಬೇಡಿ. ದೇವರ ಪಾತ್ರೆಗೆ ಅದು ಸರಿ. ಇಲ್ಲಿ ರಾಣಿಯ ಮುಖದ ಸಣ್ಣ ಗೆರೆಗಳೇ ಹೋಗಿಬಿಡುತ್ತವೆ. ಜಿಡ್ಡಿದ್ದರೆ ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ, ಶುದ್ಧ ಅಸಿಟೋನಿನಲ್ಲಿ ಕೆಲವು ನಿಮಿಷ ಅದ್ದಿ, ಒರೆಸದೆ ಹಾಗೇ ಒಣಗಲು ಬಿಡಿ.